ಕೊನೆಗೌಡನ ಕಣ್ಣು, ಟೇಲರ್ ಗಡಿಯಾರ: ನಿರ್ವಹಣಾ ಸಿದ್ಧಾಂತಗಳು ನಡೆದು ಬಂದ ದಾರಿ

ಶಿರಸಿ ಸೀಮೆಯ ಅಡಿಕೆ ತೋಟದಲ್ಲಿ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನ ಯಜಮಾನನಿಗೆ ಅಪ್ಪಣೆ ಕೊಡುವ ಕೆಲಸ ಹೆಚ್ಚಿರುವುದಿಲ್ಲ. ಯಾವ ಕೊನೆ ಇಳಿಸುವ ಹದಕ್ಕೆ ಬಂದಿದೆ, ಯಾವುದನ್ನು ಇನ್ನೂ ಹದಿನೈದು ದಿನ ಬಿಡಬೇಕು, ಯಾವ ಮರದಿಂದ ಯಾವ ಮರಕ್ಕೆ ಬಾಗಿ ದಾಟಬಹುದು, ಯಾವ ಮರದ ಮೇಲೆ ಭಾರ ಹಾಕುವಂತಿಲ್ಲ ಎಂಬುದೆಲ್ಲ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೇ ಗೊತ್ತು; ಕೆಳಗೆ ನಿಂತವರು ಹಗ್ಗ ಹಿಡಿಯುತ್ತಾರೆ, ಉದುರಿದ್ದನ್ನು ಹೆಕ್ಕುತ್ತಾರೆ. ಅದೇ ಅಡಿಕೆ ಸಂಜೆ ಅಂಗಳಕ್ಕೆ ಬಂದು, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತವರ ಕೈಗೆ ಹೋದ ಮೇಲೆ ವ್ಯವಸ್ಥೆಯೇ ಬೇರೆಯಾಗುತ್ತದೆ. ಅಲ್ಲಿ ತಕ್ಕಡಿ ಇದೆ, ಪಟ್ಟಿ ಪುಸ್ತಕವಿದೆ, ಯಾರು ಎಷ್ಟು ಸುಲಿದರೋ ಅವರಿಗೆ ಅಷ್ಟು ಕೂಲಿ. ಒಂದೇ ಮನೆ, ಒಂದೇ ಬೆಳೆ, ಒಂದೇ ದಿನ. ಆದರೆ ಕೆಲಸವನ್ನು ನಡೆಸುವ ಬಗೆ ಎರಡು.

ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಬೆಳೆದು ಬಂದ ನಿರ್ವಹಣಾ ಸಿದ್ಧಾಂತಗಳನ್ನು ಪಠ್ಯಪುಸ್ತಕಗಳು ಏಣಿಯ ಮೆಟ್ಟಿಲುಗಳಂತೆ ಜೋಡಿಸುತ್ತವೆ: ಮೊದಲು ಶಾಸ್ತ್ರೀಯ ಪಂಥ, ಅನಂತರ ಮಾನವ ಸಂಬಂಧಗಳ ಪಂಥ, ಬಳಿಕ ಸನ್ನಿವೇಶ ಸಿದ್ಧಾಂತ, ಕೊನೆಗೆ ಮಾನವ ಸಂಪನ್ಮೂಲ ನಿರ್ವಹಣೆ. ಪರೀಕ್ಷೆಗೆ ಬರೆಯಲು ಈ ಏಣಿ ಅನುಕೂಲವೇ ಸರಿ, ಆದರೆ ಅದರಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಹಳೆಯದು ಯಾವುದೂ ಸತ್ತಿಲ್ಲ. ಎಲ್ಲವೂ ಅಡಿಕೆ ಅಂಗಳದಲ್ಲಿರುವಂತೆ ಒಟ್ಟೊಟ್ಟಿಗೇ ಬದುಕಿವೆ. ಈ ಸಿದ್ಧಾಂತಗಳನ್ನು ಹೆಣೆದಿರುವ ಎಳೆಯನ್ನು ಹಿಡಿಯಬೇಕಾದರೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಬೇಕು: ಕೆಲಸದ ತಿಳಿವಳಿಕೆ ಯಾರ ಬಳಿ ಇರಬೇಕು ಎಂದು ಇದು ಹೇಳುತ್ತದೆ?

ಸಿದ್ಧಾಂತಗಳು ಹುಟ್ಟುವ ಮೊದಲು ಆ ತಿಳಿವಳಿಕೆ ಕೆಲಸಗಾರನ ಕೈಯಲ್ಲಿತ್ತು, ಕೆಲಸಗಾರ ಮುಕಾದಮನ ಕೈಯಲ್ಲಿದ್ದ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಮುಂಬೈ ಇಲ್ಲಿಯವರಿಗೆ ದೂರದ ಊರಾಗಿರಲಿಲ್ಲ. ಆ ಊರಿನ ಬಟ್ಟೆ ಗಿರಣಿಗಳಲ್ಲಿ ಆಳುಗಳನ್ನು ಊರಿನಿಂದ ಕರೆತರುವುದು, ಮುಂಗಡ ಕೊಡುವುದು, ರಜೆ ಕೊಡುವುದು, ಬೇಡವಾದಾಗ ಹೊರಹಾಕುವುದು ಎಲ್ಲವೂ ಜಾಬರ್ ಎಂದು ಕರೆಯಲಾಗುತ್ತಿದ್ದ ಮುಕಾದಮನ ಅಧಿಕಾರವಾಗಿತ್ತು, ಮತ್ತು ಪ್ರತಿಯೊಂದಕ್ಕೂ ಅವನಿಗೆ ದಸ್ತೂರಿ, ಅಂದರೆ ಮಾಮೂಲು, ಸಲ್ಲಬೇಕಾಗಿತ್ತು. ಮಾಲಕನಿಗೆ ಗೊತ್ತಿದ್ದುದು ಎಷ್ಟು ಬಟ್ಟೆ ಬಂತು ಎಂಬುದಷ್ಟೇ. ಭಾರತದ ಕಾರ್ಮಿಕರ ಸ್ಥಿತಿಯ ಬಗ್ಗೆ 1931ರಲ್ಲಿ ವರದಿ ನೀಡಿದ ರಾಯಲ್ ಕಮಿಷನ್ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿ, ನೇಮಕಾತಿಗೆ ಪ್ರತ್ಯೇಕ ಕಾರ್ಮಿಕ ಅಧಿಕಾರಿಗಳು ಬೇಕೆಂದು ಹೇಳಿತು. ಅಮೆರಿಕದ ಕಾರ್ಖಾನೆಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಹೆಚ್ಚುಕಡಿಮೆ ಇದೇ ಸ್ಥಿತಿಯಿದ್ದು, ಆಳನ್ನು ಇಟ್ಟುಕೊಳ್ಳುವುದೂ ಬಿಡುವುದೂ ಫೋರ್‌ಮನ್‌ನ ಮರ್ಜಿಯಾಗಿತ್ತು.

ಈ ಸ್ಥಿತಿಯನ್ನು ಬುಡಸಹಿತ ಅಲುಗಿಸಿದವರು ಫ್ರೆಡರಿಕ್ ವಿನ್‌ಸ್ಲೋ ಟೇಲರ್ (1856–1915). ಅವರು ಕಾರ್ಖಾನೆಯ ಒಳಗಿನಿಂದಲೇ ಮೇಲೆ ಬಂದ ಎಂಜಿನಿಯರ್ ಆದ್ದರಿಂದ, ಕೆಲಸಗಾರರು ಬೇಕೆಂದೇ ನಿಧಾನವಾಗಿ ದುಡಿಯುವುದನ್ನು ಕಣ್ಣಾರೆ ಕಂಡಿದ್ದರು. ಅದಕ್ಕೆ ಸೋಮಾರಿತನವೊಂದೇ ಕಾರಣವಲ್ಲವೆಂದೂ ಅವರಿಗೆ ಗೊತ್ತಿತ್ತು: ಹೆಚ್ಚು ದುಡಿದರೆ ಮಾಲಕ ತುಂಡುಗೂಲಿಯ ದರ ಇಳಿಸುತ್ತಾನೆ, ಆಗ ಅಷ್ಟೇ ಪಗಾರಕ್ಕೆ ಹೆಚ್ಚು ದುಡಿಯಬೇಕಾಗುತ್ತದೆ ಎಂಬ ಲೆಕ್ಕ ಕೆಲಸಗಾರರಿಗೆ ಅನುಭವದಿಂದ ಬಂದಿತ್ತು. ಒಂದು ದಿನದ ನ್ಯಾಯವಾದ ಕೆಲಸವೆಂದರೆ ಎಷ್ಟು ಎಂಬುದು ಮಾಲಕನಿಗೂ ತಿಳಿಯದಿರುವುದೇ ಜಗಳದ ಮೂಲವೆಂದು ಟೇಲರ್ ತೀರ್ಮಾನಿಸಿ, ಅದನ್ನು ಗಡಿಯಾರ ಹಿಡಿದು ಅಳೆಯತೊಡಗಿದರು. ಕೆಲಸವನ್ನು ಸಣ್ಣ ಸಣ್ಣ ಚಲನೆಗಳಾಗಿ ಒಡೆದು, ಒಂದೊಂದಕ್ಕೂ ಬೇಕಾದ ಸಮಯ ಗುರುತಿಸಿ, ಅನವಶ್ಯಕವಾದುದನ್ನು ಕಳೆದು, ಉಳಿದುದನ್ನು 'ಏಕೈಕ ಉತ್ತಮ ವಿಧಾನ' ಎಂದು ಬರೆದಿಡುವುದು ಅವರ ಕ್ರಮ. ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊರುವ ಆಳೊಬ್ಬ ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದವನು ಈ ವಿಧಾನದಿಂದ ನಲವತ್ತೇಳೂವರೆ ಟನ್ ಹೊತ್ತನೆಂದೂ, ಅವನ ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತೆಂದೂ ಅವರು 1911ರ ತಮ್ಮ ಗ್ರಂಥದಲ್ಲಿ ಬರೆದರು. ಈ ಕಥೆಗೆ ಅವರು ಸಾಕಷ್ಟು ಬಣ್ಣ ಹಚ್ಚಿದ್ದಾರೆಂದು ಮುಂದಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಬಣ್ಣವನ್ನು ನಂಬಿದರೂ ಲೆಕ್ಕ ಗಮನಿಸಬೇಕು: ಕೆಲಸ ಸುಮಾರು ನಾಲ್ಕು ಪಟ್ಟಾಯಿತು, ಕೂಲಿ ಎರಡು ಪಟ್ಟೂ ಆಗಲಿಲ್ಲ.

ಟೇಲರ್ ಮಾಡಿದ ನಿಜವಾದ ಕ್ರಾಂತಿ ಅಳತೆಯದಲ್ಲ, ಸ್ಥಳಾಂತರದ್ದು. ಕೆಲಸಗಾರರಲ್ಲಿ ತಲೆಮಾರುಗಳಿಂದ ಸಂಗ್ರಹವಾಗಿದ್ದ ತಿಳಿವಳಿಕೆಯನ್ನು ನಿರ್ವಾಹಕರು ಒಟ್ಟುಗೂಡಿಸಿ ನಿಯಮಗಳಾಗಿ, ಸೂತ್ರಗಳಾಗಿ ಬರೆದಿಟ್ಟುಕೊಳ್ಳಬೇಕೆಂದು ಅವರು ಸ್ಪಷ್ಟವಾಗಿಯೇ ಹೇಳಿದರು. ಯೋಚಿಸುವವರು ಕಚೇರಿಯಲ್ಲಿ, ಮಾಡುವವರು ಅಂಗಳದಲ್ಲಿ. ಕೊನೆಗೌಡನ ಕಣ್ಣಿನಲ್ಲಿರುವುದನ್ನು ಕಾಗದಕ್ಕಿಳಿಸಿ, ಮರ ಹತ್ತಲು ಬರುವ ಯಾರನ್ನಾದರೂ ಹತ್ತಿಸಿ ಕೆಳಗಿನಿಂದ ಹೇಳಿಕೊಡುವ ಯೋಚನೆ ಇದು. ಕೆಲಸಗಾರರಿಗೆ ಇದರ ಅರ್ಥ ಬೇಗನೆ ಆಯಿತು. 1911ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಅಚ್ಚು ಹೊಯ್ಯುವವರು ತಮ್ಮವನೊಬ್ಬನ ಮುಂದೆ ಗಡಿಯಾರ ಹಿಡಿದುದನ್ನು ಪ್ರತಿಭಟಿಸಿ ಹೊರನಡೆದರು. ಸಂಸತ್ತಿನ ವಿಚಾರಣೆ ನಡೆಯಿತು, ಕೆಲವು ವರ್ಷಗಳಲ್ಲಿ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಆ ಗಡಿಯಾರ ನಿಷಿದ್ಧವಾಯಿತು.

ಇದೇ ವಿಚಾರವನ್ನು ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲಿನ ರೂಪದಲ್ಲಿ ಯಂತ್ರಕ್ಕೇ ಕಟ್ಟಿದರು. ಆ ವರ್ಷ ಅವರ ಕಾರ್ಖಾನೆಯಲ್ಲಿ ಕೆಲಸ ಬಿಟ್ಟುಹೋಗುವವರ ಪ್ರಮಾಣ ಶೇ. 370 ಆಗಿತ್ತು, ಅಂದರೆ ಒಂದು ಜಾಗವನ್ನು ವರ್ಷವಿಡೀ ತುಂಬಿಡಲು ಮತ್ತೆ ಮತ್ತೆ ಹೊಸಬರನ್ನು ಹುಡುಕಬೇಕಾಗಿತ್ತು. 1914ರ ಜನವರಿಯಲ್ಲಿ ಫೋರ್ಡ್ ಎಂಟು ತಾಸಿನ ದಿನಕ್ಕೆ ಐದು ಡಾಲರ್ ಘೋಷಿಸಿದ್ದನ್ನು ಔದಾರ್ಯವೆಂದು ಹೊಗಳುವವರು ಈ ಅಂಕಿಯನ್ನು ಮರೆಯುತ್ತಾರೆ. ಆ ಐದು ಡಾಲರಿಗೆ ಷರತ್ತೂ ಇತ್ತು: ಕಂಪನಿಯ ತನಿಖಾಧಿಕಾರಿಗಳು ಕೆಲಸಗಾರರ ಮನೆಗೆ ಹೋಗಿ, ಕುಡಿತವಿದೆಯೇ, ಮನೆ ಚೊಕ್ಕಟವಾಗಿದೆಯೇ, ಉಳಿತಾಯವಿದೆಯೇ ಎಂದು ನೋಡಿ ಬರುತ್ತಿದ್ದರು. ಇಂದಿನ ಸಿಬ್ಬಂದಿ ವಿಭಾಗದ ಪೂರ್ವಜರಲ್ಲಿ ಈ ತನಿಖಾಧಿಕಾರಿಗಳೂ ಸೇರಿದ್ದಾರೆ.

ಟೇಲರ್ ಕೆಳಗಿನಿಂದ ಮೇಲಕ್ಕೆ ನೋಡಿದರೆ ಫ್ರಾನ್ಸಿನ ಹೆನ್ರಿ ಫೆಯೋಲ್ (1841–1925) ಮೇಲಿನಿಂದ ನೋಡಿದರು. ಅವರು ಗಣಿ ಎಂಜಿನಿಯರ್. 1888ರಲ್ಲಿ ಮುಳುಗುವ ಸ್ಥಿತಿಯಲ್ಲಿದ್ದ ಗಣಿ ಕಂಪನಿಯ ಮುಖ್ಯಸ್ಥರಾಗಿ ಅದನ್ನು ದಡ ಸೇರಿಸಿದವರು. ಅವರು ತರುಣರಾಗಿದ್ದಾಗ, ಗಣಿಯೊಳಗೆ ಕುದುರೆಯೊಂದು ಕಾಲು ಮುರಿದುಕೊಂಡಿತು. ಬದಲಿ ಕುದುರೆ ಕೊಡಲು ಲಾಯದವನು ಒಪ್ಪಲಿಲ್ಲ, ಏಕೆಂದರೆ ಚೀಟಿಯ ಮೇಲೆ ಮುಖ್ಯಸ್ಥರ ಸಹಿ ಬೇಕಿತ್ತು ಮತ್ತು ಮುಖ್ಯಸ್ಥರು ಊರಲ್ಲಿರಲಿಲ್ಲ. ಸಾಹೇಬರು ರಜೆಯಲ್ಲಿದ್ದಾರೆ ಎಂಬ ಮಾತನ್ನು ಕಚೇರಿಯ ಕಿಟಕಿಯ ಮುಂದೆ ಕೇಳಿದ ಯಾರಿಗೂ ಈ ಕುದುರೆಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಧಿಕಾರದ ಸ್ಥಾನ ಎಂದೂ ಖಾಲಿ ಇರಬಾರದು ಎಂಬ ಪಾಠವನ್ನು ಅಲ್ಲಿಂದ ಕಲಿತ ಫೆಯೋಲ್, 1916ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ಯೋಜಿಸುವುದು, ಸಂಘಟಿಸುವುದು, ಆಜ್ಞಾಪಿಸುವುದು, ಹೊಂದಾಣಿಕೆ ತರುವುದು, ನಿಯಂತ್ರಿಸುವುದು ಎಂಬ ಐದು ಕಾರ್ಯಗಳನ್ನೂ ಹದಿನಾಲ್ಕು ತತ್ವಗಳನ್ನೂ ಮುಂದಿಟ್ಟರು. ನಿರ್ವಹಣೆಯೂ ಕಲಿಸಬಹುದಾದ, ಕಲಿಯಬಹುದಾದ ವಿದ್ಯೆ ಎಂಬುದು ಅವರ ದೊಡ್ಡ ಕೊಡುಗೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ (1864–1920) ಅಧಿಕಾರಶಾಹಿಯನ್ನು ವಿವರಿಸಿದ್ದು ಇದೇ ಕಾಲದಲ್ಲಿ. ಈ ಪದ ಈಗ ಬೈಗುಳವಾಗಿಬಿಟ್ಟಿದೆ, ಆದರೆ ವೆಬರ್ ಅದರಲ್ಲಿ ಕಂಡದ್ದು ನಿಷ್ಪಕ್ಷಪಾತವನ್ನು. ಶಿರಸಿಯ ಸಹಕಾರಿ ಸಂಘದ ವ್ಯಾಪಾರಿ ಅಂಗಳದಲ್ಲಿ ಅಡಿಕೆಯ ರಾಶಿಗಳಿಗೆ ಲಾಟು ಸಂಖ್ಯೆ ಹಾಕಿ, ವರ್ತಕರು ಒಂದೊಂದನ್ನೂ ನೋಡಿ ದರವನ್ನು ಟೆಂಡರಿನಲ್ಲಿ ಬರೆದು ಕೊಡುವುದನ್ನು ಕಂಡವರಿಗೆ ಇದರ ಅರ್ಥ ಸುಲಭ. ರಾಶಿ ಯಾರದು, ಅವರು ಯಾವ ಮನೆತನದವರು, ವರ್ತಕನಿಗೆ ಹಳೆಯ ಸಾಲ ಎಷ್ಟಿದೆ ಎಂಬುದು ಅಲ್ಲಿ ದರವನ್ನು ತೀರ್ಮಾನಿಸುವುದಿಲ್ಲ, ಮಾಲು ತೀರ್ಮಾನಿಸುತ್ತದೆ. ಮುಖ ನೋಡಿ ಮಣೆ ಹಾಕುವ ಪದ್ಧತಿಯನ್ನು ಮುರಿಯಲು ಬರೆದಿಟ್ಟ ನಿಯಮ, ದಾಖಲೆ ಮತ್ತು ಅರ್ಹತೆಯ ಮೇಲಿನ ನೇಮಕ ಬೇಕೆಂಬುದು ವೆಬರರ ವಾದದ ತಿರುಳು. ನಿಯಮವೇ ಕೊನೆಗೆ ಪಂಜರವಾಗಬಹುದೆಂಬ ಆತಂಕವೂ ಅವರಲ್ಲಿಯೇ ಇತ್ತು.

ಇಲ್ಲಿಯವರೆಗಿನ ಎಲ್ಲರೂ ಕೆಲಸಗಾರನನ್ನು ಒಬ್ಬಂಟಿಯಾಗಿ ನೋಡಿದ್ದರು. ಚಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಗುಂಪನ್ನು ಕಂಡವು. ಆರಂಭದ ಪ್ರಶ್ನೆ ಬಹಳ ಸರಳ: ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುತ್ತದೆಯೇ? ಬೆಳಕಿಗೂ ಉತ್ಪಾದನೆಗೂ ನೇರ ಸಂಬಂಧ ಸಿಗಲಿಲ್ಲ. 1927ರಲ್ಲಿ ದೂರವಾಣಿಯ ರಿಲೇ ಎಂಬ ಸಣ್ಣ ಸ್ವಿಚ್ಚುಗಳನ್ನು ಜೋಡಿಸುವ ಐವರು ಯುವತಿಯರನ್ನೂ ಬಿಡಿಭಾಗ ಒದಗಿಸುವ ಒಬ್ಬಳನ್ನೂ ಬೇರೆ ಕೋಣೆಯಲ್ಲಿ ಕೂರಿಸಿ, ನಡುವೆ ವಿರಾಮ ಕೊಟ್ಟು, ತಿಂಡಿ ಕೊಟ್ಟು, ಕೆಲಸದ ಅವಧಿ ಕಡಿಮೆ ಮಾಡಿ ನೋಡಲಾಯಿತು. ಒಟ್ಟು ಉತ್ಪಾದನೆ ಏರುತ್ತ ಹೋಯಿತು, ಸೌಲಭ್ಯಗಳನ್ನು ಹಿಂತೆಗೆದುಕೊಂಡ ಅವಧಿಯಲ್ಲಿಯೂ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ತಮ್ಮ ಮಾತನ್ನು ಯಾರೋ ಕೇಳುತ್ತಿದ್ದಾರೆ, ತಾವು ಒಂದು ತಂಡ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ಹಾರ್ವರ್ಡಿನ ಎಲ್ಟನ್ ಮೇಯೊ ಮತ್ತು ಸಂಗಡಿಗರು ವ್ಯಾಖ್ಯಾನಿಸಿದರು. ಮಾನವ ಸಂಬಂಧಗಳ ಪಂಥ ಬೆಳೆದದ್ದು ಇಲ್ಲಿಂದ.

ಈ ವ್ಯಾಖ್ಯಾನ ಮಧುರವಾಗಿದೆ, ಪೂರ್ತಿ ನಿಜವಲ್ಲ. ಆ ಕೋಣೆಯಲ್ಲಿ ಕೂಲಿ ಲೆಕ್ಕ ಹಾಕುವ ಕ್ರಮವೂ ಬದಲಾಗಿತ್ತು. ಸುಮಾರು ನೂರು ಜನರ ದೊಡ್ಡ ಗುಂಪಿನ ಬದಲು ಆ ಸಣ್ಣ ಗುಂಪಿನ ಉತ್ಪಾದನೆಯ ಮೇಲೆಯೇ ಅವರ ಗಳಿಕೆ ನಿಂತಿತ್ತು. ಹೆಚ್ಚು ಮಾತಾಡುತ್ತಾರೆಂದು ಇಬ್ಬರನ್ನು ತೆಗೆದು ಬೇರೆಯವರನ್ನು ಕೂರಿಸಿದ್ದೂ ಉಂಟು. ನನ್ನ ಮಟ್ಟಿಗೆ ಹಾಥಾರ್ನ್‌ನ ಹೆಚ್ಚು ಮಹತ್ವದ ಭಾಗ ಕೊನೆಯದು. 1931–32ರಲ್ಲಿ ತಂತಿ ಜೋಡಿಸುವ ಹದಿನಾಲ್ಕು ಗಂಡಸರನ್ನು ಸುಮ್ಮನೆ ಗಮನಿಸಿದಾಗ, ಅವರು ದಿನಕ್ಕೆ ಇಷ್ಟೇ ಸಾಕು ಎಂದು ತಮ್ಮತಮ್ಮಲ್ಲೇ ಮಿತಿ ಹಾಕಿಕೊಂಡಿದ್ದರು; ಮೀರಿದವನಿಗೆ ಗೇಲಿ, ತೋಳಿಗೊಂದು ಗುದ್ದು. ನಮ್ಮ ಸುಲಿಯುವ ಅಂಗಳದಲ್ಲಿಯೂ ಒಬ್ಬಳ ಬುಟ್ಟಿ ಬಹಳ ಮುಂದೆ ಹೋದರೆ ಉಳಿದವರ ಮಾತು ಮೆಲ್ಲಗೆ ಕುಟುಕತೊಡಗುತ್ತದೆ, ಮತ್ತು ತಕ್ಕಡಿಯಲ್ಲಿ ಎರಡು ಕಾಸು ಹೆಚ್ಚು ಸಿಗುವ ಅಂಗಳಕ್ಕಿಂತ ತಮ್ಮ ಕೇರಿಯವರೆಲ್ಲ ಕೂಡುವ ಅಂಗಳವನ್ನೇ ಆರಿಸಿಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಇದಕ್ಕೂ ಮೊದಲೇ ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ (1868–1933) ಇನ್ನೊಂದು ದಾರಿ ತೋರಿಸಿದ್ದರು. ಇನ್ನೊಬ್ಬರ ಮೇಲೆ ನಡೆಸುವ ಅಧಿಕಾರಕ್ಕೂ ಇನ್ನೊಬ್ಬರ ಜೊತೆಗೂಡಿ ಪಡೆಯುವ ಅಧಿಕಾರಕ್ಕೂ ಅಂತರವಿದೆ ಎಂದೂ, ಆಜ್ಞೆಯನ್ನು ವ್ಯಕ್ತಿ ಕೊಡುವುದಕ್ಕಿಂತ ಸನ್ನಿವೇಶವೇ ಕೊಡುವಂತಾಗಬೇಕೆಂದೂ ಅವರು ಹೇಳಿದರು. ಮಳೆಯ ಮೋಡ ಕಂಡಾಗ ಅಂಗಳದಲ್ಲಿ ಹರಡಿದ ಅಡಿಕೆಯನ್ನು ಒಳಗೆ ಸೇರಿಸಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ. ಫಾಲೆಟ್ ಹೇಳಿದ್ದು ಅದನ್ನೇ. ಅವರನ್ನು ದಶಕಗಳ ಕಾಲ ಮರೆತದ್ದು ಈ ಶಾಸ್ತ್ರದ ದೊಡ್ಡ ಅನ್ಯಾಯಗಳಲ್ಲಿ ಒಂದು.

ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಮನಶ್ಶಾಸ್ತ್ರಜ್ಞರು ಬಂದರು. ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ಹಸಿವಿನಿಂದ ಆತ್ಮಸಾರ್ಥಕ್ಯದವರೆಗಿನ ಅಗತ್ಯಗಳ ಶ್ರೇಣಿಯನ್ನು ವಿವರಿಸಿದರು (ಎಲ್ಲ ಪುಸ್ತಕಗಳಲ್ಲಿ ಕಾಣುವ ಆ ತ್ರಿಕೋನವನ್ನು ಅವರು ಬರೆದದ್ದಲ್ಲ). ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ, ಸಂಬಳ ಮತ್ತು ಸೌಲಭ್ಯಗಳ ಕೊರತೆ ಅಸಮಾಧಾನ ತರುತ್ತದೆ, ಆದರೆ ಅವು ಇದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ ಎಂದರು. ಡಗ್ಲಸ್ ಮೆಗ್ರೆಗರ್ 1960ರಲ್ಲಿ, ಮನುಷ್ಯ ಸ್ವಭಾವತಃ ಕೆಲಸಗಳ್ಳ ಎಂಬ ನಂಬಿಕೆಗೆ ಎಕ್ಸ್ ಎಂದೂ, ಜವಾಬ್ದಾರಿ ಕೊಟ್ಟರೆ ಹೊರುತ್ತಾನೆ ಎಂಬ ನಂಬಿಕೆಗೆ ವೈ ಎಂದೂ ಹೆಸರಿಟ್ಟರು. ಮೂವರೂ ಅತಿಯಾಗಿ ಪಾಠ ಹೇಳಿಸಿಕೊಂಡಿರುವುದರಿಂದ ಇಲ್ಲಿ ನಿಲ್ಲುವುದು ಬೇಡ.

ನಿಲ್ಲಬೇಕಾದ ಜಾಗ ಕಲ್ಲಿದ್ದಲ ಗಣಿ. ಬ್ರಿಟನ್ನಿನ ಗಣಿಗಳಲ್ಲಿ ಮೊದಲು ಸಣ್ಣ ತಂಡಗಳು ಕಡಿಯುವುದರಿಂದ ಸಾಗಿಸುವವರೆಗೆ ಎಲ್ಲವನ್ನೂ ತಾವೇ ಹಂಚಿಕೊಂಡು ಮಾಡುತ್ತಿದ್ದವು. ಯಂತ್ರ ಬಂದ ಮೇಲೆ ಕೆಲಸ ಪಾಳಿಗಳಾಗಿ ಒಡೆಯಿತು: ಒಂದು ಪಾಳಿ ಕಡಿಯಬೇಕು, ಇನ್ನೊಂದು ತುಂಬಬೇಕು, ಮತ್ತೊಂದು ಯಂತ್ರವನ್ನು ಮುಂದೆ ಸರಿಸಬೇಕು. ಗೈರುಹಾಜರಿ ಹೆಚ್ಚಿತು, ಪ್ರತಿ ಪಾಳಿಯೂ ಹಿಂದಿನ ಪಾಳಿಯನ್ನು ದೂರತೊಡಗಿತು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫರ್ತ್ 1951ರಲ್ಲಿ ಇದನ್ನು ವಿಶ್ಲೇಷಿಸಿ, ಯಂತ್ರ ವ್ಯವಸ್ಥೆಯನ್ನೂ ಜನರ ವ್ಯವಸ್ಥೆಯನ್ನೂ ಕೂಡಿಸಿಯೇ ರೂಪಿಸಬೇಕೆಂದು ತೋರಿಸಿದರು. ಅದೇ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ, ಸ್ವಯಂಚಾಲಿತ ಮಗ್ಗಗಳ ನಡುವೆ ಚದುರಿಹೋಗಿದ್ದ ಕೆಲಸಗಾರರನ್ನು ತಾವೇ ಕೆಲಸ ಹಂಚಿಕೊಳ್ಳುವ ಸಣ್ಣ ಗುಂಪುಗಳಾಗಿ ಕೂಡಿಸಿದಾಗ ನೇಯ್ಗೆಯ ಪ್ರಮಾಣವೂ ಗುಣವೂ ಸುಧಾರಿಸಿದವು. ಟೇಲರ್ ಕಚೇರಿಗೆ ಒಯ್ದ ತಿಳಿವಳಿಕೆಯ ಒಂದು ಪಾಲು ಹೀಗೆ ಅಂಗಳಕ್ಕೆ ಮರಳಿತು.

ಕಾರವಾರದ ಕಡಲತೀರಕ್ಕೆ ಇಂತಹ ತಂಡ ಹೊಸದಲ್ಲ. ರಂಪಣಿ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಬಂಗಡೆಯೋ ತಾರಲೆಯೋ ಬಂದರೆ ಬಲೆಗೆ ಒಂದು ಭಾಗ ತೆಗೆದಿಟ್ಟು ಉಳಿದುದನ್ನು ಎಳೆದವರಿಗೆ ಪಾಲು ಹಾಕುತ್ತಿದ್ದರು. ಅಲ್ಲಿ ಗಡಿಯಾರವಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ, ಮೈಗಳ್ಳನನ್ನು ಹಗ್ಗವೇ ಹಿಡಿದುಕೊಡುತ್ತಿತ್ತು. 1970ರ ದಶಕದ ನಡುವಿನಲ್ಲಿ, ಮೀನಿನ ಗುಂಪನ್ನು ಕಡಲಲ್ಲಿಯೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಬಲೆ ಬದಲಾದಾಗ ಮೀನು ಹಿಡಿಯುವ ಬಗೆಯೊಂದಿಗೆ ಊರಿನ ದುಡಿಮೆಯ ಕಟ್ಟಡವೂ ಬದಲಾಯಿತು. ದಡದಲ್ಲಿ ಎಳೆಯುವ ಅಷ್ಟೊಂದು ಕೈಗಳು ಬೇಡವಾದವು.

ತಂತ್ರಜ್ಞಾನ ಬದಲಾದರೆ ಸಂಘಟನೆಯೂ ಬದಲಾಗಬೇಕೆಂಬುದನ್ನು ಸಿದ್ಧಾಂತವಾಗಿ ಮಂಡಿಸಿದವರು ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಜೋನ್ ವುಡ್‌ವರ್ಡ್. ಪಠ್ಯಪುಸ್ತಕಗಳು ಸನ್ನಿವೇಶ ಸಿದ್ಧಾಂತ ಎನ್ನುವುದು ಇದನ್ನೇ. ಇಂಗ್ಲೆಂಡಿನ ದಕ್ಷಿಣ ಎಸೆಕ್ಸ್‌ನ ಸುಮಾರು ನೂರು ಕಾರ್ಖಾನೆಗಳನ್ನು 1950ರ ದಶಕದಲ್ಲಿ ಅಧ್ಯಯನ ಮಾಡಿದ ಅವರು, ಬಿಡಿಬಿಡಿಯಾಗಿ ಮಾಡುವ ಕೆಲಸ, ರಾಶಿ ಉತ್ಪಾದನೆ, ನಿರಂತರ ಹರಿವಿನ ಉತ್ಪಾದನೆ ಎಂಬ ಮೂರಕ್ಕೂ ಯಶಸ್ವಿ ಸಂಸ್ಥೆಗಳ ಕಟ್ಟು ಬೇರೆ ಬೇರೆ ಎಂದು ಕಂಡುಕೊಂಡರು. ಬರ್ನ್ಸ್ ಮತ್ತು ಸ್ಟಾಕರ್ 1961ರಲ್ಲಿ, ಸ್ಥಿರ ಪರಿಸರಕ್ಕೆ ಯಂತ್ರದಂತಹ ಸಂಘಟನೆಯೂ ಚಂಚಲ ಪರಿಸರಕ್ಕೆ ಜೀವಿಯಂತಹ ಸಂಘಟನೆಯೂ ಹೊಂದುತ್ತವೆ ಎಂದರು. ಇದನ್ನು ಅರಿಯಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಕೈಗಾದ ಮೊದಲನೆಯ ಅಣು ವಿದ್ಯುತ್ ಘಟಕ 2018ರ ಕೊನೆಯಲ್ಲಿ ನಿಲ್ಲುವ ಮುನ್ನ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಅಂಥಲ್ಲಿ ಬರೆದಿಟ್ಟ ವಿಧಾನವನ್ನು ಅಕ್ಷರಶಃ ಪಾಲಿಸುವುದೇ ಜಾಣತನ. ದಾಂಡೇಲಿಯ ಕಾಗದ ಗಿರಣಿಯಲ್ಲಿ ಹರಿವು ನಿಲ್ಲದಂತೆ ಕಾಯುವ ಅನುಭವಿಗೆ ಬೆಲೆ. ಅಳಿವೆಯ ಬಾಯಲ್ಲಿ ಗಾಳಿ ತಿರುಗಿದಾಗ ದೋಣಿ ನಡೆಸುವ ತಾಂಡೇಲ ನಿಯಮ ಪುಸ್ತಕ ತೆರೆಯುತ್ತ ಕುಳಿತರೆ ದೋಣಿ ಉಳಿಯುವುದಿಲ್ಲ.

ಇನ್ನು ಜನರನ್ನು ನೋಡಿಕೊಳ್ಳುವ ವಿಭಾಗದ ಕಥೆ. ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ 1901ರ ಮುಷ್ಕರದ ಬಳಿಕ ದೂರು, ಸುರಕ್ಷತೆ, ವಜಾ ಮುಂತಾದವನ್ನು ನೋಡಲು ಪ್ರತ್ಯೇಕ ವಿಭಾಗ ತೆರೆಯಿತು. ಭಾರತದಲ್ಲಿ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲಿಯೇ ಎಂಟು ತಾಸಿನ ದಿನವನ್ನು ಜಾರಿಗೆ ತಂದಿತ್ತು. ಉಳಿದ ಕಡೆ ಕಾನೂನೇ ದಾರಿ ತೆರೆಯಬೇಕಾಯಿತು. 1926ರ ಕಾರ್ಮಿಕ ಸಂಘಗಳ ಕಾಯಿದೆ, 1947ರ ಕೈಗಾರಿಕಾ ವಿವಾದ ಕಾಯಿದೆ, 1948ರ ಕಾರ್ಖಾನೆ ಕಾಯಿದೆಗಳಿಂದ ಈ ವೃತ್ತಿ ಹುಟ್ಟಿತು. ಐನೂರು ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾಯಿದೆ ವಿಧಿಸಿತು. ಕ್ಯಾಂಟೀನು, ಶಿಶುವಿಹಾರ, ಹಾಜರಿ, ಬಟವಾಡೆ, ಕೋರ್ಟಿನ ತಾರೀಕು ಇವೇ ಆ ಕಾಲದ ಸಿಬ್ಬಂದಿ ವಿಭಾಗದ ಜಗತ್ತು.

ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟವರು ನಮ್ಮ ದೇಶದವರೇ. 1974–75ರಲ್ಲಿ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರು ಲಾರ್ಸನ್ ಅಂಡ್ ಟೂಬ್ರೊ ಕಂಪನಿಗಾಗಿ ಕೆಲಸದ ಮೌಲ್ಯಮಾಪನ, ಮಾರ್ಗದರ್ಶನ, ತರಬೇತಿ, ಬೆಳವಣಿಗೆ ಎಲ್ಲವನ್ನೂ ಒಂದೇ ವ್ಯವಸ್ಥೆಯಾಗಿ ಹೆಣೆದರು. ಮಾನವ ಸಂಪನ್ಮೂಲ ಅಭಿವೃದ್ಧಿ ಎಂಬ ಹೆಸರಿನ ವಿಭಾಗ ಅಲ್ಲಿಂದ ಬೆಳೆಯಿತು. 1984ರಲ್ಲಿ ಅಮೆರಿಕದಲ್ಲಿ ಎರಡು ಮಾದರಿಗಳು ಬಂದವು. ಮಿಷಿಗನ್ ಮಾದರಿ ಸಿಬ್ಬಂದಿಯನ್ನು ಸಂಸ್ಥೆಯ ಕಾರ್ಯತಂತ್ರಕ್ಕೆ ತಕ್ಕಂತೆ ಆರಿಸಿ, ಅಳೆದು, ಬಹುಮಾನಿಸಿ, ಬೆಳೆಸಬೇಕಾದ ಸಾಧನವಾಗಿ ಕಂಡಿತು. ಹಾರ್ವರ್ಡ್ ಮಾದರಿ ನೌಕರರು, ಸಂಘಗಳು, ಸಮಾಜ ಇವರೆಲ್ಲರ ಹಿತವನ್ನೂ ಲೆಕ್ಕಕ್ಕೆ ಹಿಡಿಯಿತು. ಈ ಎರಡರ ನಡುವಿನ ಎಳೆದಾಟವೇ ಇಂದಿನ ಪ್ರತಿಯೊಂದು ಎಚ್‌ಆರ್ (ಮಾನವ ಸಂಪನ್ಮೂಲ) ವಿಭಾಗದ ಒಳಗಿನ ಎಳೆದಾಟ. ಸಂಪನ್ಮೂಲ ಎಂಬ ಪದದಲ್ಲಿಯೇ ಆ ಇಬ್ಬಂದಿ ಇದೆ: ಸಂಪತ್ತಿನ ಮೂಲವೆಂದರೆ ಗೌರವ, ಆದರೆ ಅದಿರನ್ನೂ ಕಾಡನ್ನೂ ನಾವು ಅದೇ ಪದದಿಂದ ಕರೆಯುತ್ತೇವೆ, ಮತ್ತು ಅವುಗಳಿಗೆ ಏನು ಮಾಡಿದ್ದೇವೆಂಬುದನ್ನು ಉತ್ತರ ಕನ್ನಡದವರು ಬಲ್ಲರು.

ಈ ವಿಭಾಗ ಯಾರನ್ನು ನೋಡಿಕೊಳ್ಳುತ್ತದೆ ಎಂಬುದೂ ಮುಖ್ಯ. ಕಾಯಂ ನೌಕರನಿಗೆ ತರಬೇತಿ, ಬಡ್ತಿ, ಸಮಾಲೋಚನೆ ಎಲ್ಲವೂ ಇವೆ. ಅದೇ ದ್ವಾರದಿಂದ ಒಳಬರುವ ಗುತ್ತಿಗೆ ಕೆಲಸಗಾರ ಮಾತ್ರ ಕಂಪನಿಯ ಪುಸ್ತಕದಲ್ಲಿ ಹೆಸರಿಗಿಂತ ಹೆಚ್ಚಾಗಿ ಒಂದು ಬಿಲ್ಲಿನ ಸಾಲು. ಅವನನ್ನು ಕರೆತರುವವನೂ ಬಿಡುವವನೂ ಗುತ್ತಿಗೆದಾರ. 1931ರಲ್ಲಿ ಹೊರಗಟ್ಟಬೇಕೆಂದ ಮುಕಾದಮ ಲೆಟರ್‌ಹೆಡ್ ಹಿಡಿದು ಮರಳಿ ಬಂದಿದ್ದಾನೆ. ಟೇಲರ್ ಗಡಿಯಾರವೂ ಮರಳಿದೆ, ಈ ಬಾರಿ ಕೆಲಸಗಾರನ ಸ್ವಂತ ಮೊಬೈಲಿನೊಳಗೆ: ಯಾವ ದಾರಿ, ಎಷ್ಟು ನಿಮಿಷ, ಎಷ್ಟು ನಕ್ಷತ್ರ ಎಂಬುದನ್ನೆಲ್ಲ ಆಪ್ ತೀರ್ಮಾನಿಸುತ್ತದೆ. ಕರ್ನಾಟಕ 2025ರಲ್ಲಿ, ಹೀಗೆ ಆಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಮಾಡಿದ ಕಾಯಿದೆಯಲ್ಲಿ ಕಲ್ಯಾಣ ನಿಧಿಯ ಜೊತೆಗೆ, ಇಂತಹ ಸ್ವಯಂಚಾಲಿತ ನಿಗಾ ವ್ಯವಸ್ಥೆಯ ಬಗ್ಗೆ ಕಾರ್ಮಿಕನಿಗೆ ತಿಳಿಸಬೇಕೆಂಬ ಅಂಶವೂ ಸೇರಿದ್ದು ಈ ಇಡೀ ಚರಿತ್ರೆಯ ಹಿನ್ನೆಲೆಯಲ್ಲಿ ಸಣ್ಣ ಸಂಗತಿಯಲ್ಲ.

ತೋಟದಲ್ಲಿಯೂ ಬದಲಾವಣೆ ಆಗುತ್ತಿದೆ. ಮರ ಹತ್ತುವವರು ಕಡಿಮೆಯಾದಂತೆ ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಂದಿವೆ. ನೆಲದಲ್ಲಿಯೇ ನಿಂತು ಕೊನೆ ಇಳಿಸಬಹುದು, ಬೀಳುವ ಭಯವಿಲ್ಲ, ಕಲಿಯಲು ವರ್ಷಗಳು ಬೇಕಿಲ್ಲ. ದೋಟಿ ಹಿಡಿದ ಹುಡುಗನಿಗೆ ಅಷ್ಟು ಎತ್ತರದ ಕೊನೆಯ ಬಣ್ಣ ಕೆಳಗಿನಿಂದ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಯಜಮಾನ ಈಗ ಅವನ ಪಕ್ಕದಲ್ಲಿ ನಿಂತು, ಕುತ್ತಿಗೆ ಎತ್ತಿ, ಬಿಸಿಲಿಗೆ ಕೈ ಮರೆ ಮಾಡಿ, ಇದು ಇಳಿಸು, ಅದು ಇರಲಿ ಎಂದು ಹೇಳುತ್ತಾನೆ. ಕೊನೆ ನೆಲಕ್ಕೆ ಬಂದ ಮೇಲೆ ಕೆಲವು ಇನ್ನೂ ಎಳತಾಗಿರುತ್ತವೆ.